ಶಾಲಾ ಫಲಿತಾಂಶದ ಶೇಕಡಾವಾರನ್ನು ಓದುವುದು ಹೇಗೆ? ಕಾಸರಗೋಡಿನ ಅಧ್ಯಾಪಕರು, ಪಿಟಿಎ ಮತ್ತು ಪಂಚಾಯತು ಸದಸ್ಯರಿಗೆ ಸಮಗ್ರ ಮಾರ್ಗದರ್ಶಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಸಂಜೆಯೊಳಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಪಟ್ಟಿಗಳು ಹರಿದಾಡತೊಡಗುತ್ತವೆ. ನೂರಕ್ಕೆ ನೂರು ಪಡೆದ ಶಾಲೆಗಳು, ಫುಲ್ ಎ ಪ್ಲಸ್ (ಎಲ್ಲ ಪತ್ರಿಕೆಗಳಲ್ಲೂ ಎ ಪ್ಲಸ್ ಗ್ರೇಡ್) ಬಂದವರ ಸಂಖ್ಯೆ, ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಹೋಲಿಕೆ. ವಾರ ಕಳೆಯುವಷ್ಟರಲ್ಲಿ ಪಟ್ಟಿಗಳು ತೀರ್ಪುಗಳಾಗಿರುತ್ತವೆ. "ಆ ಶಾಲೆ ಇಳಿಯಿತು", "ಕನ್ನಡ ಮಾಧ್ಯಮದ ಮಕ್ಕಳು ಹಿಂದೆ", "ಇಂಗ್ಲಿಷ್ ಡಿವಿಷನ್‌ಗೇ ಸೇರಿಸಿ". ಜೂನ್‌ನಲ್ಲಿ ಮಗುವನ್ನು ಎಲ್ಲಿ ಸೇರಿಸುವುದು ಎಂಬ ಮಾತು ಇದೇ ತೀರ್ಪಿನ ಮೇಲೆ ನಡೆಯುತ್ತದೆ. ಶಾಲೆ ತೆರೆದ ಆರನೇ ಕೆಲಸದ ದಿನದ ತಲೆಯೆಣಿಕೆಯಲ್ಲಿ ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಅದರ ಹಿಂದೆಯೇ ಅಧ್ಯಾಪಕ ಹುದ್ದೆ ಹೋಗುತ್ತದೆ. ಗಡಿನಾಡಿನಲ್ಲಿ ಒಂದು ಶೇಕಡಾವಾರನ್ನು ತಪ್ಪಾಗಿ ಓದಿದರೆ ಕನ್ನಡದ ಒಂದು ತರಗತಿಯೇ ಮುಚ್ಚಬಹುದು.

ಗುಂಪಿನ ಅಂಕಿ ಗುಂಪಿನ ಬಗ್ಗೆ ಮಾತ್ರ ಹೇಳುತ್ತದೆ. ಮಗುವಿನ ಬಗ್ಗೆಯೋ ಅಧ್ಯಾಪಕರ ಬಗ್ಗೆಯೋ ಮಾಧ್ಯಮದ ಬಗ್ಗೆಯೋ ಏನಾದರೂ ಹೇಳಬೇಕಿದ್ದರೆ ಬೇರೆ ಕೆಲಸ ಮಾಡಬೇಕು. ಆ ಕೆಲಸದ ವಿವರ ಇಲ್ಲಿದೆ. ಕೆಳಗೆ ಶಾಲೆಗಳ ಉದಾಹರಣೆಗೆ ಕೊಟ್ಟ ಮಕ್ಕಳ ಸಂಖ್ಯೆಗಳೆಲ್ಲ ಲೆಕ್ಕ ತೋರಿಸಲು ಕಲ್ಪಿಸಿಕೊಂಡವು. ರಾಜ್ಯದ ಫಲಿತಾಂಶ ಮತ್ತು ಸಮೀಕ್ಷೆಯ ಅಂಕಿಗಳು ಮಾತ್ರ ನಿಜವಾದವು.

ಮೊದಲು ಒಂದು ಹಾಳೆ ಸಿದ್ಧಮಾಡಿ

ಶೇಕಡಾವಾರಿನಿಂದ ಶುರುಮಾಡಬೇಡಿ, ಮಕ್ಕಳಿಂದ ಶುರುಮಾಡಿ. ಶಾಲೆಯ ಕಂಪ್ಯೂಟರ್‌ನಲ್ಲಿರುವ ಲಿಬ್ರೆಆಫೀಸ್ ಕ್ಯಾಲ್ಕ್ ಸಾಕು. ಒಂದು ಮಗುವಿಗೆ ಒಂದು ಸಾಲು. ಕಾಲಂಗಳು ಹೀಗಿರಲಿ: ಹೆಸರಿನ ಬದಲು ಒಂದು ಕ್ರಮಸಂಖ್ಯೆ, ಡಿವಿಷನ್, ಮಾಧ್ಯಮ, ಗಂಡೋ ಹೆಣ್ಣೋ, ಮನೆಮಾತು, ಈ ಶಾಲೆಗೆ ಸೇರಿದ ತರಗತಿ, 8 ಮತ್ತು 9ನೇ ತರಗತಿಯ ವಾರ್ಷಿಕ ಗ್ರೇಡ್, ಆಮೇಲೆ ಎಸ್ಸೆಸ್ಸೆಲ್ಸಿಯ 10 ಪತ್ರಿಕೆಗಳ ಗ್ರೇಡ್. ಶಾಲಾ ದಾಖಲೆಗಳ ತಂತ್ರಾಂಶ 'ಸಂಪೂರ್ಣ'ದಲ್ಲಿ ಇದರ ಬಹುಭಾಗ ಸಿಗುತ್ತದೆ.

ಮನೆಮಾತಿನ ಕಾಲಂ ತುಂಬುವಾಗ ಎಚ್ಚರ ಬೇಕು. ಕನ್ನಡ ಮಾಧ್ಯಮದ ಮಗು ಎಂದರೆ ಮನೆಯಲ್ಲಿ ಕನ್ನಡ ಆಡುವ ಮಗು ಎಂದು ಬರೆದುಬಿಟ್ಟರೆ ಹಾಳೆ ಅಲ್ಲಿಯೇ ಕೆಟ್ಟಿತು. ಪೈವಳಿಕೆ, ಎಣ್ಮಕಜೆ, ಮೀಂಜದ ಒಂದೇ ಬೆಂಚಿನಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ ಆಡುವ ಮಕ್ಕಳು ಕೂತಿರುತ್ತಾರೆ. ಕೇಳಿಯೇ ಬರೆಯಿರಿ.

ಯಾರನ್ನು ಯಾರಿಂದ ಭಾಗಿಸಿದ್ದಾರೆ?

ಶೇಕಡಾವಾರು ಕಂಡ ಕೂಡಲೇ ಕೇಳಬೇಕಾದ್ದು ಇದು. ಒಂದೇ ತರಗತಿಗೆ ನಾಲ್ಕು ಬೇರೆ ಬೇರೆ ಸಂಖ್ಯೆಗಳಿರುತ್ತವೆ: ಆರನೇ ಕೆಲಸದ ದಿನ ಹಾಜರಿ ಪುಸ್ತಕದಲ್ಲಿದ್ದವರು, ಪರೀಕ್ಷೆಗೆ ನೋಂದಾಯಿಸಿದವರು, ಪರೀಕ್ಷೆ ಬರೆದವರು, ಸೇ ಪರೀಕ್ಷೆಯ (ತೇರ್ಗಡೆಯಾಗದವರ ಮರುಪರೀಕ್ಷೆಯ) ನಂತರ ತೇರ್ಗಡೆಯಾದವರು ಸೇರಿದ ಲೆಕ್ಕ. ಒಂದು ಶಾಲೆ ಬರೆದವರಿಂದ ಭಾಗಿಸಿ, ಪಕ್ಕದ ಶಾಲೆ ನೋಂದಾಯಿಸಿದವರಿಂದ ಭಾಗಿಸಿದರೆ ಹೋಲಿಕೆಗೆ ಅರ್ಥವೇ ಇಲ್ಲ. ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆದಿಡಿ.

ಎಲ್‌ಎಸ್‌ಎಸ್, ಯುಎಸ್‌ಎಸ್ ಸ್ಕಾಲರ್‌ಶಿಪ್‌ಗಳಲ್ಲಿ ಈ ತೊಡಕು ಇನ್ನೂ ದೊಡ್ಡದು. 4 ಮತ್ತು 7ನೇ ತರಗತಿಗೆ ನಡೆಯುವ ಈ ಪರೀಕ್ಷೆಗಳಿಗೆ ತರಗತಿಯ ಎಲ್ಲ ಮಕ್ಕಳೂ ಕೂರುವುದಿಲ್ಲ. ಕೂತವರಲ್ಲಿ ಎಷ್ಟು ಮಂದಿ ಗೆದ್ದರು ಎಂಬ ಶೇಕಡಾವಾರು, ಶಾಲೆ ಎಷ್ಟು ಮಕ್ಕಳನ್ನು ಕೂರಿಸಿತು ಎಂಬುದರ ಮೇಲೆ ನಿಂತಿದೆ. ಧೈರ್ಯವಾಗಿ ಎಲ್ಲರನ್ನೂ ಕೂರಿಸಿದ ಶಾಲೆ ಪಟ್ಟಿಯಲ್ಲಿ ಕೆಳಗೆ ಕಾಣುತ್ತದೆ.

ಇನ್ನೊಂದು ತಪ್ಪು ಪಂಚಾಯತು ಮಟ್ಟದ ವರದಿಗಳಲ್ಲಿ ಪದೇ ಪದೇ ಆಗುತ್ತದೆ: ಶಾಲೆಗಳ ಶೇಕಡಾವಾರುಗಳನ್ನೇ ಕೂಡಿಸಿ ಸರಾಸರಿ ತೆಗೆಯುವುದು. ಒಂದು ಶಾಲೆಯಲ್ಲಿ 10ರಲ್ಲಿ 10 ಮಕ್ಕಳು, ಇನ್ನೊಂದರಲ್ಲಿ 190ರಲ್ಲಿ 171 ಮಕ್ಕಳು ಗುರಿ ಮುಟ್ಟಿದ್ದಾರೆ ಎನ್ನಿ. ಶೇ 100 ಮತ್ತು ಶೇ 90ರ ಸರಾಸರಿ ಶೇ 95. ಆದರೆ ನಿಜವಾಗಿ 200 ಮಕ್ಕಳಲ್ಲಿ 181, ಅಂದರೆ ಶೇ 90.5. ಯಾವಾಗಲೂ ಮಕ್ಕಳನ್ನು ಕೂಡಿಸಿ, ಆಮೇಲೆ ಭಾಗಿಸಿ.

ಶೇ 100ರ ಪಟ್ಟಿ ಮತ್ತು ಸಣ್ಣ ಶಾಲೆ

2025ರಲ್ಲಿ ಕೇರಳದ ಎಸ್ಸೆಸ್ಸೆಲ್ಸಿ ಉತ್ತೀರ್ಣತೆ ಶೇ 99.5. ರಾಜ್ಯದ ಪ್ರತಿ ಮಗುವಿಗೂ ಪಾಸಾಗುವ ಸಾಧ್ಯತೆ ಅಷ್ಟೇ ಇದೆ, ಯಾವ ಶಾಲೆಯೂ ಇನ್ನೊಂದಕ್ಕಿಂತ ಮೇಲೂ ಅಲ್ಲ ಕೆಳಗೂ ಅಲ್ಲ ಎಂದು ಇಟ್ಟುಕೊಳ್ಳಿ. 12 ಮಕ್ಕಳಿರುವ ಶಾಲೆಗೆ ಶೇ 100 ಬರುವ ಸಾಧ್ಯತೆ 0.995ನ್ನು 12 ಸಲ ಗುಣಿಸಿದಷ್ಟು: ಸುಮಾರು ಶೇ 94. 200 ಮಕ್ಕಳಿರುವ ಶಾಲೆಗೆ ಅದೇ ಲೆಕ್ಕದಲ್ಲಿ ಸುಮಾರು ಶೇ 37. ಪಾಠ ಒಂದೇ, ಮಕ್ಕಳು ಒಂದೇ, ಆದರೂ ನೂರಕ್ಕೆ ನೂರರ ಪಟ್ಟಿ ಸಣ್ಣ ಶಾಲೆಗಳಿಂದಲೇ ತುಂಬುತ್ತದೆ. ಹಾಗೆಂದು ಸಣ್ಣ ಶಾಲೆಯ ಸಾಧನೆಯನ್ನು ಕಡೆಗಣಿಸಬೇಕಿಲ್ಲ. ಆದರೆ ಆ ಪಟ್ಟಿಯಲ್ಲಿ ಹೆಸರಿಲ್ಲದ ದೊಡ್ಡ ಶಾಲೆಯನ್ನು ಅದೊಂದೇ ಕಾರಣಕ್ಕೆ ದೂರುವಂತಿಲ್ಲ.

ಇದೇ ಶಾಲೆ ಮರುವರ್ಷ ಕೆಳಗಿನ ಪಟ್ಟಿಗೂ ಬೀಳಬಹುದು. 12 ಮಕ್ಕಳಲ್ಲಿ ಒಬ್ಬ ಜ್ವರದಲ್ಲೇ ಪರೀಕ್ಷೆ ಬರೆದು ಫೇಲಾದರೆ ಫಲಿತಾಂಶ ಶೇ 91.7. ಇನ್ನೂರರಲ್ಲಿ ಒಬ್ಬನಿಗೆ ಹಾಗಾದರೆ ಶೇ 99.5. ಅಮೆರಿಕದ ಪೆನ್ಸಿಲ್ವೇನಿಯಾದ ಶಾಲೆಗಳ ಅಂಕಗಳನ್ನು ಹವರ್ಡ್ ವೈನರ್ ಮತ್ತು ಹ್ಯಾರಿಸ್ ಜ್ವೆರ್ಲಿಂಗ್ ವಿಶ್ಲೇಷಿಸಿದಾಗ ಕಂಡದ್ದೂ ಇದೇ. ತೀರಾ ಮೇಲಿನ ಶಾಲೆಗಳಲ್ಲೂ ತೀರಾ ಕೆಳಗಿನ ಶಾಲೆಗಳಲ್ಲೂ ಸಣ್ಣ ಶಾಲೆಗಳ ಪಾಲು ಅವುಗಳ ಸಂಖ್ಯೆಗೆ ಮೀರಿತ್ತು. ಮೇಲಿನ ತುದಿಯನ್ನು ಮಾತ್ರ ನೋಡಿದವರು ಸಣ್ಣ ಶಾಲೆಯೇ ಮದ್ದು ಎಂದುಕೊಂಡರು.

ಕೈಯಳತೆಗೆ ಒಂದು ಸೂತ್ರ: ಶೇಕಡಾವಾರು ಸುಮಾರು 50ರ ಆಸುಪಾಸಿನಲ್ಲಿದ್ದರೆ, 1ನ್ನು ಮಕ್ಕಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಅಷ್ಟು ಅತ್ತಿತ್ತ ಹೊಯ್ದಾಟ ಬರಿಯ ಆಕಸ್ಮಿಕದಿಂದಲೇ ಬರಬಹುದು. 16 ಮಕ್ಕಳಿದ್ದರೆ 25 ಶೇಕಡಾ ಅಂಶ, 100 ಮಕ್ಕಳಿದ್ದರೆ 10, 400 ಇದ್ದರೆ 5. ಬೆಳ್ಳೂರಿನಂಥ ಕಡೆ 16 ಮಕ್ಕಳ ಡಿವಿಷನ್‌ನಲ್ಲಿ ಗಣಿತದ 'ಬಿ' ಮತ್ತು ಮೇಲಿನ ಗ್ರೇಡ್ ಪ್ರಮಾಣ ಶೇ 56ರಿಂದ 44ಕ್ಕೆ ಇಳಿದರೆ ಅದು 9 ಮಕ್ಕಳ ಬದಲು 7 ಮಕ್ಕಳು ಎಂದಷ್ಟೇ. ಅಧ್ಯಾಪಕರಿಗೆ ನೋಟಿಸು ಕೊಡುವ ವಿಷಯವಲ್ಲ. ಮೂರು ವರ್ಷದ ಮಕ್ಕಳನ್ನು ಒಟ್ಟು ಸೇರಿಸಿ ನೋಡಿದರೆ ಹೊಯ್ದಾಟ ಕಡಿಮೆಯಾಗುತ್ತದೆ. ವರ್ಷಕ್ಕೆ 12ರಂತೆ 36 ಮಕ್ಕಳಾದರೆ ಅದು 17 ಅಂಶಕ್ಕೆ ಬರುತ್ತದೆ. ಆಗಲೂ ಕಡಿಮೆಯೇನಲ್ಲ.

"ನಾವು ಸ್ಯಾಂಪಲ್ ತೆಗೆದಿಲ್ಲ, ಎಲ್ಲ ಮಕ್ಕಳ ಫಲಿತಾಂಶವೂ ನಮ್ಮಲ್ಲಿದೆ, ಮತ್ತೆ ಆಕಸ್ಮಿಕ ಎಲ್ಲಿಂದ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರಶ್ನೆ ಒಳ್ಳೆಯದು. ಈ ವರ್ಷದ ಈ 16 ಮಕ್ಕಳ ಬಗ್ಗೆ ಮಾತ್ರ ಹೇಳುವುದಾದರೆ ಆಕಸ್ಮಿಕದ ಮಾತಿಲ್ಲ, ಏಳು ಎಂದರೆ ಏಳೇ. ಆದರೆ ಸಭೆಯಲ್ಲಿ ಯಾರೂ ಅಷ್ಟಕ್ಕೆ ನಿಲ್ಲುವುದಿಲ್ಲ. "ಶಾಲೆ ಇಳಿಯಿತು" ಎನ್ನುತ್ತಾರೆ. ಶಾಲೆಯ ಗುಣದ ಬಗ್ಗೆ ಹೇಳಹೊರಟ ಕ್ಷಣವೇ, ಈ ವರ್ಷ ಈ ಊರಿನಲ್ಲಿ 15 ವರ್ಷ ತುಂಬಿದವರು ಯಾರಾಗಿದ್ದರು ಎಂಬುದೂ ಆಕಸ್ಮಿಕವಾಗುತ್ತದೆ.

ಗ್ರೇಡಿನ ಗೆರೆ ಏನನ್ನು ಮುಚ್ಚಿಡುತ್ತದೆ

ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಒಂಬತ್ತು ಗ್ರೇಡುಗಳಿವೆ. 90 ಮತ್ತು ಮೇಲೆ ಎ ಪ್ಲಸ್, ಆಮೇಲೆ ಹತ್ತತ್ತು ಅಂಕಕ್ಕೆ ಒಂದೊಂದು ಮೆಟ್ಟಿಲು ಇಳಿದು, 30ರಿಂದ 39ಕ್ಕೆ ಡಿ ಪ್ಲಸ್, 20ಕ್ಕಿಂತ ಕೆಳಗೆ ಇ. ಮುಂದೆ ಓದಲು ಎಲ್ಲ ಪತ್ರಿಕೆಗಳಲ್ಲೂ ಡಿ ಪ್ಲಸ್ ಬೇಕು. ಇಂಗ್ಲಿಷ್, ಗಣಿತ, ಸಮಾಜ ವಿಜ್ಞಾನದಲ್ಲಿ ಬರವಣಿಗೆಗೆ 80, ನಿರಂತರ ಮೌಲ್ಯಮಾಪನಕ್ಕೆ 20 ಅಂಕ. ನಿರಂತರ ಮೌಲ್ಯಮಾಪನದಲ್ಲಿ ಪೂರ್ತಿ 20 ಸಿಕ್ಕಿದ ಮಗುವಿಗೆ ಬರವಣಿಗೆಯ 80ರಲ್ಲಿ 10 ಬಂದರೂ 30 ಆಗುತ್ತದೆ. ಹಾಗಾಗಿ ಉತ್ತೀರ್ಣತೆಯ ಪ್ರಮಾಣ ಕಲಿಕೆಯ ಬಗ್ಗೆ ಹೇಳುವುದು ತೀರಾ ಕಡಿಮೆ. 2024–25ರಲ್ಲಿ 8ನೇ ತರಗತಿಗೆ ಬರವಣಿಗೆಯಲ್ಲೇ ಕನಿಷ್ಠ ಶೇ 30 ಬೇಕೆಂಬ ನಿಯಮ ಬಂದದ್ದು ಈ ಕಾರಣಕ್ಕೇ.

ಗೆರೆ ಎಲ್ಲಿದೆಯೋ ಅಲ್ಲಿ ನಡೆದ ಬದಲಾವಣೆ ಮಾತ್ರ ಪಟ್ಟಿಯಲ್ಲಿ ಕಾಣುತ್ತದೆ. ಐದು ಮಕ್ಕಳು ಒಂದು ವಿಷಯದಲ್ಲಿ 89ರಿಂದ 91ಕ್ಕೆ ಹೋದರೆ ಫುಲ್ ಎ ಪ್ಲಸ್ ಸಂಖ್ಯೆ ಐದು ಏರಬಹುದು, ಅಭಿನಂದನೆಯ ಫ್ಲೆಕ್ಸ್ ಬ್ಯಾನರ್ ಏಳುತ್ತದೆ. ಮೂವತ್ತು ಮಕ್ಕಳು ಗಣಿತದಲ್ಲಿ 35ರಿಂದ 55ಕ್ಕೆ ಏರಿದರೆ ಫುಲ್ ಎ ಪ್ಲಸ್ ಸಂಖ್ಯೆಯೂ ಬದಲಾಗದು, ಉತ್ತೀರ್ಣತೆಯೂ ಬದಲಾಗದು. ಆ ಅಧ್ಯಾಪಕರ ವರ್ಷವಿಡೀ ಕೆಲಸ ಯಾವ ಪಟ್ಟಿಗೂ ಸಿಗುವುದಿಲ್ಲ. ಇದು ದೊಡ್ಡ ಅನ್ಯಾಯ. ಸರಿಪಡಿಸುವುದು ಸುಲಭ: ಪ್ರತಿ ವಿಷಯಕ್ಕೂ ಒಂಬತ್ತು ಗ್ರೇಡುಗಳಲ್ಲಿ ಎಷ್ಟೆಷ್ಟು ಮಕ್ಕಳು ಎಂದು ಒಂಬತ್ತು ಸಂಖ್ಯೆಗಳನ್ನೂ ಬರೆಯಿರಿ. ಒಂದೇ ಅಂಕಿ ಬೇಕೇಬೇಕೆಂದರೆ ಎ ಪ್ಲಸ್‌ಗೆ 9, ಎಗೆ 8 ಹೀಗೆ ಇಗೆ 1ರವರೆಗೆ ಕೊಟ್ಟು ಸರಾಸರಿ ತೆಗೆಯಿರಿ, ಜೊತೆಗೆ ನಟ್ಟನಡುವಿನ ಮಗುವಿನ ಗ್ರೇಡ್ ಯಾವುದೆಂದೂ ಹೇಳಿ.

ಗುಂಪಿನೊಳಗೆ ಈಗ ಯಾರಿದ್ದಾರೆ?

ಕಾಸರಗೋಡಿನಲ್ಲಿ ಅತಿ ಹೆಚ್ಚು ತಪ್ಪು ತೀರ್ಮಾನ ಆಗುವುದು ಇಲ್ಲಿ, ಹಾಗಾಗಿ ಲೆಕ್ಕವನ್ನು ನಿಧಾನವಾಗಿ ನೋಡೋಣ.

ಒಂದು ಹೈಸ್ಕೂಲಿನ 8ನೇ ತರಗತಿಯಲ್ಲಿ ಎರಡು ಡಿವಿಷನ್. ಕನ್ನಡ ಮಾಧ್ಯಮದಲ್ಲಿ 20 ಮಕ್ಕಳು: 5 ಮಂದಿ 70 ಅಂಕದವರು, 15 ಮಂದಿ 50 ಅಂಕದವರು. ಒಟ್ಟು 1,100, ಸರಾಸರಿ 55. ಇಂಗ್ಲಿಷ್ ಮಾಧ್ಯಮದಲ್ಲಿ 30 ಮಕ್ಕಳು, ಸರಾಸರಿ 80, ಒಟ್ಟು 2,400. ಶಾಲೆಯ ಸರಾಸರಿ 70.

ಮರುವರ್ಷ ಇಂಥದೇ 50 ಮಕ್ಕಳು ಬಂದರು, ಆದರೆ ಆ 70 ಅಂಕದ ಐವರ ತಂದೆತಾಯಿ ಮಕ್ಕಳನ್ನು ಇಂಗ್ಲಿಷ್ ಡಿವಿಷನ್‌ಗೆ ಹಾಕಿದರು. ಯಾವ ಮಗುವಿನ ಅಂಕವೂ ಬದಲಾಗಲಿಲ್ಲ ಎಂದು ಇಟ್ಟುಕೊಳ್ಳಿ. ಈಗ ಕನ್ನಡ ಡಿವಿಷನ್‌ನಲ್ಲಿ 15 ಮಕ್ಕಳು, ಸರಾಸರಿ 50. ಇಂಗ್ಲಿಷ್ ಡಿವಿಷನ್‌ನಲ್ಲಿ 35 ಮಕ್ಕಳು, ಒಟ್ಟು 2,750, ಸರಾಸರಿ 78.6. ಎರಡೂ ಇಳಿದವು. ಶಾಲೆಯ ಸರಾಸರಿ ಮಾತ್ರ 70ರಲ್ಲೇ ಇದೆ.

ಇಲ್ಲಿ ಯಾರೂ ಕಡಿಮೆ ಕಲಿತಿಲ್ಲ, ಯಾರೂ ಕಡಿಮೆ ಕಲಿಸಿಲ್ಲ. ಐದು ಮಕ್ಕಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರು, ಅಷ್ಟೇ. ಆದರೆ ಪಟ್ಟಿಯಲ್ಲಿ "ಕನ್ನಡ ಮಾಧ್ಯಮ 5 ಅಂಕ ಕುಸಿತ" ಎಂದು ಬರುತ್ತದೆ. ಅದನ್ನು ಓದಿದ ಇನ್ನೆರಡು ಮನೆಯವರು ಮುಂದಿನ ಜೂನ್‌ನಲ್ಲಿ ಮಗುವನ್ನು ಬದಲಿಸುತ್ತಾರೆ, ಸರಾಸರಿ ಮತ್ತೂ ಇಳಿಯುತ್ತದೆ. ತಪ್ಪು ಓದು ತಾನೇ ತನಗೆ ಸಾಕ್ಷಿ ಹುಟ್ಟಿಸಿಕೊಳ್ಳುತ್ತದೆ. ಕನ್ನಡ ಮಾಧ್ಯಮದ ಬಗ್ಗೆ ನಿಜವಾದ ಚಿಂತೆ ಇರುವವರು ಮೊದಲು ಈ ಸುಳಿಯನ್ನು ನಿಲ್ಲಿಸಬೇಕು.

ಪರಿಶೀಲಿಸುವ ಕ್ರಮ ಹೀಗೆ:

ಒಂದು, ಎರಡು ವರ್ಷದ ಡಿವಿಷನ್‌ವಾರು ಸಂಖ್ಯೆ ನೋಡಿ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರಿದ್ದರೆ ಅನುಮಾನಿಸಿ.
ಎರಡು, ಇಡೀ ಶಾಲೆಯ ಸರಾಸರಿ ಲೆಕ್ಕ ಹಾಕಿ. ಎರಡೂ ಡಿವಿಷನ್ ಇಳಿದು ಶಾಲೆ ಇಳಿದಿಲ್ಲವಾದರೆ ಆದದ್ದು ಸ್ಥಳಾಂತರ ಮಾತ್ರ.
ಮೂರು, 10ನೇ ತರಗತಿಯ ಫಲಿತಾಂಶವನ್ನು ಅದೇ ಮಕ್ಕಳ 8ನೇ ತರಗತಿಯ ಗ್ರೇಡಿನ ಪಕ್ಕದಲ್ಲಿಟ್ಟು, ಎರಡೂ ವರ್ಷ ಶಾಲೆಯಲ್ಲಿದ್ದ ಮಕ್ಕಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. 8ರಲ್ಲಿ 'ಸಿ' ಇದ್ದವರು 10ರಲ್ಲಿ ಎಲ್ಲಿಗೆ ಮುಟ್ಟಿದರು ಎಂಬುದೇ ಡಿವಿಷನ್‌ನ ಕೆಲಸಕ್ಕೆ ಹತ್ತಿರದ ಅಳತೆ.

ಕನ್ನಡ ಮತ್ತು ಮಲಯಾಳ ಮಾಧ್ಯಮಗಳನ್ನು ಹೋಲಿಸುವಾಗ ಇನ್ನೊಂದು ಸೂಕ್ಷ್ಮವಿದೆ. ಹತ್ತು ಪತ್ರಿಕೆಗಳಲ್ಲಿ ಎರಡು ಪ್ರಥಮ ಭಾಷೆಯವು. ಕನ್ನಡದ ಮಗು ಬರೆಯುವುದು ಕನ್ನಡ ಪತ್ರಿಕೆ, ಮಲಯಾಳದ ಮಗು ಬರೆಯುವುದು ಬೇರೆಯೇ ಪತ್ರಿಕೆ. ಒಂದರ ಎ ಪ್ಲಸ್ ಇನ್ನೊಂದರ ಎ ಪ್ಲಸ್‌ಗೆ ಸಮ ಎಂದು ಹೇಳುವ ಆಧಾರ ಇಲ್ಲ. ಫುಲ್ ಎ ಪ್ಲಸ್ ಲೆಕ್ಕದಲ್ಲಿ ಈ ಎರಡೂ ಸೇರಿರುತ್ತವೆ. ಮಾಧ್ಯಮಗಳ ಹೋಲಿಕೆ ಬೇಕಾದರೆ ಪ್ರಥಮ ಭಾಷೆ ಬಿಟ್ಟು ಉಳಿದ ಎಂಟು ಪತ್ರಿಕೆಗಳಲ್ಲಿ ಮಾಡಿ.

ಒಡೆದು ನೋಡಿದರೆ ಫಲಿತಾಂಶ ತಿರುಗಿ ಬೀಳಬಹುದು

ಪೇಟೆ ಶಾಲೆ ಮತ್ತು ಗುಡ್ಡೆ ಶಾಲೆ, ಎರಡರಲ್ಲೂ 100 ಮಕ್ಕಳು. ಗಣಿತದಲ್ಲಿ ಬಿ ಮತ್ತು ಮೇಲಿನ ಗ್ರೇಡ್ ಪೇಟೆ ಶಾಲೆಯಲ್ಲಿ 72 ಮಕ್ಕಳಿಗೆ, ಗುಡ್ಡೆ ಶಾಲೆಯಲ್ಲಿ 57 ಮಕ್ಕಳಿಗೆ. ಯಾವುದು ಚೆನ್ನಾಗಿ ಕಲಿಸುತ್ತದೆ?

ತಾಯಿ ಹತ್ತನೇ ತರಗತಿ ಮುಗಿಸಿದ್ದಾರೋ ಇಲ್ಲವೋ ಎಂದು ಒಡೆಯಿರಿ. ಪೇಟೆ ಶಾಲೆಯಲ್ಲಿ ಮುಗಿಸಿದವರ ಮಕ್ಕಳು 80, ಅವರಲ್ಲಿ 64 ಮಂದಿಗೆ ಬಿ (ಶೇ 80). ಮುಗಿಸದವರ ಮಕ್ಕಳು 20, ಅವರಲ್ಲಿ 8 ಮಂದಿಗೆ (ಶೇ 40). ಗುಡ್ಡೆ ಶಾಲೆಯಲ್ಲಿ ಮುಗಿಸಿದವರ ಮಕ್ಕಳು 20, ಅವರಲ್ಲಿ 17 (ಶೇ 85). ಮುಗಿಸದವರ ಮಕ್ಕಳು 80, ಅವರಲ್ಲಿ 40 (ಶೇ 50). ಎರಡೂ ಬಗೆಯ ಮಕ್ಕಳಲ್ಲಿ ಗುಡ್ಡೆ ಶಾಲೆಯೇ ಮೇಲು, ಒಟ್ಟಿನಲ್ಲಿ ಮಾತ್ರ 15 ಅಂಶ ಕೆಳಗೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಇದರ ಬಗ್ಗೆ ಬರೆದರು.

ನ್ಯಾಯವಾಗಿ ಹೋಲಿಸಬೇಕಾದರೆ ಎರಡೂ ಶಾಲೆಗೆ ಒಂದೇ ಮಿಶ್ರಣ ಕೊಡಿ. ಅರ್ಧ ಅರ್ಧ ಎಂದು ಹಿಡಿದರೆ ಪೇಟೆ ಶಾಲೆಗೆ ಶೇ 60, ಗುಡ್ಡೆ ಶಾಲೆಗೆ ಶೇ 67.5.

ಯಾವುದರ ಮೇಲೆ ಒಡೆಯುವುದು ಎಂಬುದರಲ್ಲಿ ಜಾಣ್ಮೆ ಬೇಕು. ಶಾಲೆಗೆ ಬರುವ ಮೊದಲೇ ಮಗುವಿನ ಜೊತೆಗಿದ್ದ ಸಂಗತಿಗಳ ಮೇಲೆ ಒಡೆಯಬಹುದು: ತಾಯಿಯ ಓದು, ಮನೆಮಾತು, ಸೇರುವಾಗಿನ ಗ್ರೇಡ್. ಶಾಲೆಯೇ ಉಂಟುಮಾಡುವ ಸಂಗತಿಯ ಮೇಲೆ ಒಡೆಯಬೇಡಿ. ಹಾಜರಿಯನ್ನು ತೆಗೆದುಕೊಳ್ಳಿ. ಒಳ್ಳೆಯ ಶಾಲೆ ಮಗುವನ್ನು ದಿನಾ ಬರುವಂತೆ ಮಾಡುತ್ತದೆ. ಹಾಜರಿ ಸಮ ಇರುವ ಮಕ್ಕಳನ್ನೇ ಹೋಲಿಸಿದರೆ ಶಾಲೆ ಮಾಡಿದ ಕೆಲಸವನ್ನು ನೀವೇ ಅಳಿಸಿದಂತೆ. ಒಡೆಯುತ್ತಾ ಹೋದರೆ ಗುಂಪುಗಳು ಸಣ್ಣದಾಗುತ್ತವೆ, ಮೇಲೆ ಹೇಳಿದ ಹೊಯ್ದಾಟ ಮರಳುತ್ತದೆ. ಒಂದು ಅಥವಾ ಎರಡು ಸಂಗತಿಗೆ ನಿಲ್ಲಿಸಿ.

ಕಳೆದ ವರ್ಷಕ್ಕಿಂತ ಏರಿತೆ, ಇಳಿಯಿತೆ?

2020ರಲ್ಲಿ ರಾಜ್ಯದಲ್ಲಿ ಫುಲ್ ಎ ಪ್ಲಸ್ ಪಡೆದವರು 41,906. 2021ರಲ್ಲಿ 1,21,318. 2022ರಲ್ಲಿ 44,363. ಒಂದೇ ವರ್ಷದಲ್ಲಿ ಕೇರಳದ ಮಕ್ಕಳು ಮೂರು ಪಾಲು ಜಾಣರಾಗಿ, ಮರುವರ್ಷ ಆ ಜಾಣತನ ಕಳೆದುಕೊಂಡರೆ? 2021ರಲ್ಲಿ ಕೊರೋನಾದಿಂದಾಗಿ ಫೋಕಸ್ ಏರಿಯಾ ಎಂದು ಪಾಠಭಾಗ ಗುರುತಿಸಿದ್ದರು, ಬರೆಯಬೇಕಾದ್ದಕ್ಕಿಂತ ಹೆಚ್ಚು ಪ್ರಶ್ನೆ ಕೊಟ್ಟು ಆಯ್ಕೆಗೆ ಬಿಟ್ಟಿದ್ದರು. 2022ರಲ್ಲಿ ಆ ಸಡಿಲಿಕೆ ಬಿಗಿಯಾಯಿತು. ಅಳೆಯುವ ಕೋಲು ಬದಲಾದ ವರ್ಷವನ್ನು ಹಿಂದುಮುಂದಿನ ವರ್ಷಗಳ ಜೊತೆ ಒಂದೇ ಗೆರೆಯಲ್ಲಿ ಜೋಡಿಸಬಾರದು. ನಿಮ್ಮ ಹಾಳೆಯಲ್ಲಿ ಪ್ರತಿ ವರ್ಷದ ಮುಂದೆ ಪರೀಕ್ಷೆಯ ನಿಯಮ ಏನು ಬದಲಾಯಿತು, ಕಲೆ, ಕ್ರೀಡೆಗೆ ಕೊಡುವ ಗ್ರೇಸ್ ಮಾರ್ಕ್ ಇತ್ತೇ ಇಲ್ಲವೇ ಎಂದು ಒಂದು ಸಾಲು ಬರೆಯಿರಿ. ಶಾಲೆಯ ಬದಲಾವಣೆ ನೋಡಬೇಕಾದರೆ ರಾಜ್ಯದ ಸರಾಸರಿಯಿಂದ ಶಾಲೆ ಎಷ್ಟು ದೂರದಲ್ಲಿದೆ, ಆ ದೂರ ಹೆಚ್ಚಿತೆ ಕಡಿಮೆಯಾಯಿತೆ ಎಂದು ನೋಡಿ.

ವಿಶೇಷ ತರಬೇತಿಯ ಲೆಕ್ಕದಲ್ಲಿ ಇನ್ನೊಂದು ಬಲೆ ಇದೆ. ಉಪಜಿಲ್ಲೆಯಲ್ಲಿ ಅತಿ ಕೆಳಗಿರುವ ಐದು ಶಾಲೆಗಳನ್ನು ಆರಿಸಿ ಸಂಜೆ ಕ್ಲಾಸು ನಡೆಸಿದರೆ ಮರುವರ್ಷ ಐದರಲ್ಲಿ ನಾಲ್ಕು ಮೇಲೇರಿರುತ್ತವೆ. ತರಬೇತಿ ಕೊಡದಿದ್ದರೂ ಬಹುಶಃ ಏರುತ್ತಿದ್ದವು, ಯಾಕೆಂದರೆ ಅವು ತೀರಾ ತಳದಲ್ಲಿದ್ದದ್ದಕ್ಕೆ ಆ ವರ್ಷದ ದುರದೃಷ್ಟವೂ ಒಂದು ಕಾರಣ. ದುರದೃಷ್ಟ ಪ್ರತಿವರ್ಷ ಅದೇ ಶಾಲೆಗೆ ಬರುವುದಿಲ್ಲ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರದ ಲೆಕ್ಕದಲ್ಲಿ ಇದನ್ನೇ ಕಂಡರು: ತೀರಾ ಎತ್ತರದವರ ಮಕ್ಕಳು ಸರಾಸರಿಯ ಕಡೆಗೆ ಸರಿಯುತ್ತಾರೆ, ತೀರಾ ಕುಳ್ಳರ ಮಕ್ಕಳೂ ಹಾಗೆಯೇ. ತರಬೇತಿಯ ಫಲ ನೋಡಲು ದಾರಿ ಇದೆ. ತಳದ ಹತ್ತು ಶಾಲೆಗಳನ್ನು ಗುರುತಿಸಿ, ಚೀಟಿ ಎತ್ತಿ ಐದಕ್ಕೆ ಈ ವರ್ಷ, ಐದಕ್ಕೆ ಮುಂದಿನ ವರ್ಷ ತರಬೇತಿ ಕೊಡಿ. ವರ್ಷದ ಕೊನೆಗೆ ಮೊದಲ ಐದು ಉಳಿದ ಐದಕ್ಕಿಂತ ಎಷ್ಟು ಹೆಚ್ಚು ಏರಿದವು ಎಂಬುದೇ ಉತ್ತರ. ಯಾರಿಗೂ ತರಬೇತಿ ತಪ್ಪುವುದಿಲ್ಲ.

ಶಾಲೆಯ ಅಂಕಿಯಿಂದ ಮಗುವಿನ ತೀರ್ಮಾನ ಬೇಡ

ತುಳು ಮನೆಮಾತಿನ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ಕನ್ನಡ ಪತ್ರಿಕೆಯ ಸರಾಸರಿ ಕಡಿಮೆ ಎಂದು ಒಂದು ಪಟ್ಟಿ ತೋರಿಸಿತು ಎನ್ನಿ. "ತುಳು ಮಕ್ಕಳಿಗೆ ಕನ್ನಡ ಬರುವುದಿಲ್ಲ" ಎಂದು ಹೇಳಬಹುದೆ? ಹೇಳಲಾಗದು. ಆ ಶಾಲೆಗಳಲ್ಲಿ ಕಾಯಂ ಕನ್ನಡ ಅಧ್ಯಾಪಕರೇ ಇಲ್ಲದೆ ಕನ್ನಡ ಮನೆಮಾತಿನ ಮಕ್ಕಳಿಗೂ ಕಡಿಮೆ ಬಂದಿರಬಹುದು. ಅದೇ ಶಾಲೆಯೊಳಗೆ ತುಳು ಮಕ್ಕಳೇ ಮುಂದಿರಲೂಬಹುದು. ಶಾಲೆಗಳ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ.

ವಿಲಿಯಂ ರಾಬಿನ್ಸನ್ 1950ರಲ್ಲಿ ಇದನ್ನು ಅಮೆರಿಕದ 1930ರ ಜನಗಣತಿಯಿಂದ ತೋರಿಸಿದರು. ಹೊರದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ: 48 ರಾಜ್ಯಗಳ ಮಟ್ಟದಲ್ಲಿ ಸಹಸಂಬಂಧ (ಎರಡು ಸಂಗತಿ ಒಟ್ಟಿಗೆ ಏರಿಳಿಯುವುದರ ಅಳತೆ) ಸುಮಾರು ಮೈನಸ್ 0.53. ಆದರೆ ಒಬ್ಬೊಬ್ಬರನ್ನೇ ಎಣಿಸಿದಾಗ ಹೊರಗೆ ಹುಟ್ಟಿದವರಲ್ಲೇ ಅನಕ್ಷರತೆ ಹೆಚ್ಚು: ಸುಮಾರು ಪ್ಲಸ್ 0.12. ದಿಕ್ಕೇ ತಿರುಗಿತು. ವಲಸೆ ಬಂದವರು ನೆಲೆಸಿದ್ದು ಸ್ಥಳೀಯರು ಚೆನ್ನಾಗಿ ಓದಿದ್ದ ರಾಜ್ಯಗಳಲ್ಲಿ ಎಂಬುದೇ ಕಾರಣ.

ಮನೆಮಾತು, ಜಾತಿ, ಧರ್ಮದ ಬಗ್ಗೆ ಹೇಳಿಕೆ ಬರುವಾಗ ಈ ಒಂದು ಪ್ರಶ್ನೆ ಹಾಕಿ: ಇದು ಶಾಲೆಗಳನ್ನು ಎಣಿಸಿದ್ದೋ, ಮಕ್ಕಳನ್ನು ಎಣಿಸಿದ್ದೋ? ಶಾಲೆಗಳನ್ನು ಎಣಿಸಿದ್ದಾದರೆ ಮಗುವಿನ ಬಗ್ಗೆ ಬಾಯಿ ಮುಚ್ಚಿರುವುದೇ ಸರಿ. ಮಕ್ಕಳ ಹಾಳೆ ಇದ್ದರೆ ಒಂದೇ ಶಾಲೆಯೊಳಗೆ ಎರಡು ಗುಂಪುಗಳನ್ನು ಹೋಲಿಸಿ, ಅದನ್ನು ಪ್ರತಿ ಶಾಲೆಗೂ ಮಾಡಿ.

ಪ್ರಶ್ನೆಯ ಕನ್ನಡವನ್ನೂ ಪರೀಕ್ಷಿಸಿ

ಕನ್ನಡ ಮಾಧ್ಯಮದವರು ವಿಜ್ಞಾನದಲ್ಲಿ ಹಿಂದೆ ಎಂದು ಕಂಡರೆ, ಮಕ್ಕಳಿಗೆ ವಿಜ್ಞಾನ ಬರಲಿಲ್ಲವೋ ಪ್ರಶ್ನೆಯ ಭಾಷಾಂತರ ಅರ್ಥವಾಗಲಿಲ್ಲವೋ ಎಂದು ಬೇರ್ಪಡಿಸಬೇಕು. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ಶಾಲೆಯಲ್ಲಿ ಉಳಿಯುವುದಿಲ್ಲ. ಓಣಂ ಪರೀಕ್ಷೆ, ಕ್ರಿಸ್‌ಮಸ್ ಪರೀಕ್ಷೆ ಮತ್ತು ಮಾದರಿ ಪರೀಕ್ಷೆಯ ಉತ್ತರಪತ್ರಿಕೆಗಳು ಶಾಲೆಯಲ್ಲೇ ಇರುತ್ತವೆ, ಅವನ್ನು ಬಳಸಿ. ಎರಡು ಮಾಧ್ಯಮಗಳಲ್ಲಿ ಒಟ್ಟು ಅಂಕ ಹೆಚ್ಚುಕಡಿಮೆ ಒಂದೇ ಇರುವ ಮಕ್ಕಳನ್ನು ಆರಿಸಿ, ಉದಾಹರಣೆಗೆ 40ರಲ್ಲಿ 20ರಿಂದ 24 ಬಂದವರು. ಪ್ರಶ್ನೆಯಿಂದ ಪ್ರಶ್ನೆಗೆ ಎಷ್ಟು ಮಂದಿ ಸರಿ ಬರೆದರು ಎಂದು ಎಣಿಸಿ. ಉಳಿದೆಲ್ಲ ಪ್ರಶ್ನೆಗಳಲ್ಲಿ ಸರಿಸಮ ಇದ್ದು ಒಂದು ಪ್ರಶ್ನೆಯಲ್ಲಿ ಮಾತ್ರ ಕನ್ನಡದವರು ದೊಡ್ಡ ಅಂತರದಲ್ಲಿ ತಪ್ಪಿದ್ದರೆ ಮೊದಲು ಆ ವಾಕ್ಯ ಓದಿ. ಮಲಯಾಳದ ಪದವನ್ನು ಹಾಗೆಯೇ ಇಳಿಸಿದ್ದಾರೆಯೇ, ಪಾಠಪುಸ್ತಕದಲ್ಲಿ ಇರುವ ಪದವೇ ಪ್ರಶ್ನೆಯಲ್ಲೂ ಇದೆಯೇ ಎಂದು ನೋಡಿ. ಎರಡು ಮೂರು ಶಾಲೆಗಳು ಸೇರಿ ಮಾಡಿದರೆ ಮಕ್ಕಳ ಸಂಖ್ಯೆ ಸಾಕಾಗುತ್ತದೆ, ಮಾಯಿಪ್ಪಾಡಿಯ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಯಾದ ಡಯಟ್‌ಗೋ ಬಿಆರ್‌ಸಿಗೋ ಕಳಿಸುವ ಪತ್ರಕ್ಕೂ ತೂಕ ಬರುತ್ತದೆ.

ದೇಶಮಟ್ಟದ ಸಮೀಕ್ಷೆಗಳು

ಮಕ್ಕಳ ಕಲಿಕೆ ಅಳೆಯುವ ಕೇಂದ್ರ ಸರಕಾರದ ನ್ಯಾಸ್ ಮತ್ತು 2024ರ ಪರಖ್ ಸಮೀಕ್ಷೆ ಆಯ್ದ ಶಾಲೆಗಳಲ್ಲಿ, ಆ ದಿನ ಹಾಜರಿದ್ದ ಮಕ್ಕಳ ಮೇಲೆ ನಡೆಯುತ್ತವೆ. ಜಿಲ್ಲೆ, ರಾಜ್ಯದ ಚಿತ್ರ ಕೊಡಲು ರೂಪಿಸಿದವು ಅವು. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ ಮನೆಗಳಿಗೆ ಹೋಗಿ, ಗ್ರಾಮೀಣ ಮಕ್ಕಳನ್ನು ಮಾತ್ರ ನೋಡುತ್ತದೆ: ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಎರಡರ ಅಂಕಿ ಬೇರೆ ಬಂದರೆ ಒಂದು ಸುಳ್ಳು ಎಂದಲ್ಲ, ಎಣಿಸಿದ ಮಕ್ಕಳೇ ಬೇರೆ. ಕಾಸರಗೋಡು ಜಿಲ್ಲೆಯ ಅಂಕಿಯಿಂದ ಮಂಜೇಶ್ವರದ ಒಂದು ಶಾಲೆಯನ್ನಾಗಲಿ, ಇಡೀ ಕನ್ನಡ ಮಾಧ್ಯಮವನ್ನಾಗಲಿ ಅಳೆಯಬಾರದು. ತೃಕ್ಕರಿಪುರದವರೆಗಿನ ಮಕ್ಕಳೂ ಅದರಲ್ಲಿದ್ದಾರೆ. ನ್ಯಾಸ್ 2021 ನಡೆದದ್ದು ನವೆಂಬರ್ 12ರಂದು. ಕೇರಳದಲ್ಲಿ ಶಾಲೆ ಮರಳಿ ತೆರೆದದ್ದೇ ನವೆಂಬರ್ 1ರಂದು, 8ನೇ ತರಗತಿ ನವೆಂಬರ್ 8ರಂದು. ಆ ಅಂಕಿಗಳನ್ನು 2017ರವುಗಳ ಪಕ್ಕದಲ್ಲಿಡುವಾಗ ಇದು ನೆನಪಿರಲಿ.

ವರದಿಯಲ್ಲಿ ಹೇಗೆ ಬರೆಯುವುದು

"ಕನ್ನಡ ಮಾಧ್ಯಮದ ಗಣಿತ ಫಲಿತಾಂಶ ಶೇ 12 ಕುಸಿದಿದೆ" ಎಂದು ಬರೆಯಬೇಡಿ. ಹೀಗೆ ಬರೆಯಿರಿ: "ಕನ್ನಡ ಡಿವಿಷನ್‌ನ 16 ಮಕ್ಕಳಲ್ಲಿ 7 ಮಂದಿಗೆ ಬಿ ಅಥವಾ ಮೇಲಿನ ಗ್ರೇಡ್ ಬಂದಿದೆ, ಕಳೆದ ವರ್ಷ 16ರಲ್ಲಿ 9. ಇಷ್ಟು ಸಣ್ಣ ಸಂಖ್ಯೆಯಲ್ಲಿ ಇದನ್ನು ಇಳಿಕೆ ಎನ್ನಲಾಗದು. 8ನೇ ತರಗತಿಯಲ್ಲಿ ಸಿ ಇದ್ದ 6 ಮಕ್ಕಳಲ್ಲಿ 4 ಮಂದಿ ಈಗ ಬಿಗೆ ಬಂದಿದ್ದಾರೆ." 30ಕ್ಕಿಂತ ಕಡಿಮೆ ಮಕ್ಕಳಿರುವ ಕಡೆ ಶೇಕಡಾವಾರು ಬಿಟ್ಟು ಮಕ್ಕಳ ಸಂಖ್ಯೆಯನ್ನೇ ಕೊಡುವುದು ಒಳ್ಳೆಯದು. "ಇದರಿಂದ" ಎಂಬ ಪದ ಬರೆಯುವ ಮುನ್ನ ಕಾರಣ ತೋರಿಸುವ ಹೋಲಿಕೆ ನಿಮ್ಮಲ್ಲಿದೆಯೇ ನೋಡಿ. ಇಲ್ಲದಿದ್ದರೆ "ಜೊತೆಗೆ" ಎಂದು ಬರೆದರೆ ಸಾಕು.

ಕೊನೆಯದಾಗಿ, ಬಹಳ ಮುಖ್ಯವಾದದ್ದು. ಪಿಟಿಎಯಲ್ಲಿ ಓದುವ ಅಥವಾ ಗುಂಪಿಗೆ ಹಾಕುವ ಪಟ್ಟಿಯಲ್ಲಿ ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಉಪಗುಂಪನ್ನು ಬೇರೆಯಾಗಿ ತೋರಿಸಬೇಡಿ. ತರಗತಿಯಲ್ಲಿ ಕೊರಗ ಸಮುದಾಯದ ಒಂದೇ ಮಗು ಇದ್ದಾಗ "ಕೊರಗ: ಶೇ 0" ಎಂದು ಬರೆದರೆ ಹೆಸರು ಬರೆದಂತೆಯೇ, ಊರಿಗೆಲ್ಲ ಗೊತ್ತಾಗುತ್ತದೆ. ಉಪಗುಂಪನ್ನು ಅಡಗಿಸಿದರೂ ಒಟ್ಟಿನಿಂದ ಉಳಿದವರನ್ನು ಕಳೆದು ಅದನ್ನು ಕಂಡುಹಿಡಿಯುವಂತಿರಬಾರದು, ಹಾಗಾಗಿ ಇನ್ನೊಂದು ಸಣ್ಣ ಗುಂಪನ್ನೂ ಅದರ ಜೊತೆ ಸೇರಿಸಿ ತೋರಿಸಿ. ಆ ಮಗುವಿಗೆ ಬೇಕಾದ ನೆರವಿನ ಮಾತು ಎಸ್‌ಆರ್‌ಜಿ ಸಭೆಯಲ್ಲಿ, ಅಧ್ಯಾಪಕರ ನಡುವೆ, ಆ ಮಗುವಿನ ಸಾಲನ್ನೇ ಮುಂದಿಟ್ಟುಕೊಂಡು ನಡೆಯಲಿ.